ಹದಿನೇಳು ಪೊರೆಗಳ ಬಾಯಿ

ಅನಘಾ, ಹೋದ ಭಾನುವಾರ ಊಟದ ಮೇಜಿನಲ್ಲಿ ನೀನು, ಬೇಸಿಗೆಯ ಕೆಲಸ ಸಿಕ್ಕಿತೆಂದು ಹೇಳಿದೆ. ವೆಸ್ಟ್‌ಮಂಟ್ ಹತ್ತಿರ, ಜನ ಕಳಿಸುವ ಹುಳಹುಪ್ಪಟೆಗಳನ್ನು ನೋಡಿ ಇದು ಇಂಥದ್ದು ಎಂದು ಬರೆದುಕೊಡುವ ಲ್ಯಾಬು. ನನಗೆ ಸಂತೋಷವಾಯಿತು. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ ಹತ್ತೊಂಬತ್ತು ವರ್ಷ ನಾನು ಮಾಡಿದ್ದೂ ಅದೇ ಕೆಲಸ. ಅಷ್ಟರಲ್ಲಿ ನಿನ್ನ ತಮ್ಮ ನಿಶಾಂತ್ ತಟ್ಟೆಯಿಂದ ತಲೆ ಎತ್ತದೆ, "ದೇರ್ಸ್ ಆ್ಯನ್ ಆ್ಯಪ್ ಫಾರ್ ದಟ್, ಅಜ್ಜಿ. ಯು ಜಸ್ಟ್ ಟೇಕ್ ಎ ಪಿಕ್ಚರ್," ಎಂದ. ನೀನು ನಕ್ಕು, "ಐ ನೋ. ಇಟ್ಸ್ ಸೋ ಈಸಿ," ಎಂದೆ.

ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸಿಟ್ಟು ಬಂದಾಗ ನಾನು ಮಾಡುವುದು ಅಷ್ಟೇ. ನಿಮ್ಮ ತಾತ ಬದುಕಿದ್ದಾಗ, "ಜಯಮ್ಮನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಪಾತ್ರೆಯ ಹೊಳಪು ನೋಡಿ ತಿಳಿಯಬೇಕು," ಎಂದು ತಮಾಷೆ ಮಾಡುತ್ತಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಯಾವತ್ತೂ ಬರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರದು, ನಿಮ್ಮಮ್ಮ ಸವಿತಾ ಓದಿ ಹೇಳುತ್ತಾಳೆ. ಅವಳಿಗೂ ಗೊತ್ತಿಲ್ಲದ ಒಂದು ಸಂಗತಿ ಇದರಲ್ಲಿದೆ. ಅಲ್ಲಿಗೆ ಬಂದಾಗ ಅವಳು ನಿಲ್ಲಿಸಬಾರದು, ಓದುತ್ತಲೇ ಹೋಗಬೇಕು.

ನನ್ನ ಸಿಟ್ಟು ನಿಮ್ಮಿಬ್ಬರ ಮೇಲಲ್ಲ. ಅದು ಫೋಟೋದ ಮೇಲೆ.

ಮೊದಲು ನಾನು ಎಲ್ಲಿ ಕಲಿತೆ ಎನ್ನುವುದನ್ನು ಹೇಳಬೇಕು. ನಮ್ಮೂರು ಕೊಳ್ಳೇಗಾಲದ ಕಡೆ. ಹತ್ತನೇ ತರಗತಿ ಮುಗಿದ ಮೇಲೆ ನನ್ನನ್ನು ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಗೆ ದಿನಗೂಲಿಗೆ ಹಾಕಿದರು. ಅಲ್ಲಿ ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ ರೈತರಿಗೆ ಕೊಡುತ್ತಿದ್ದರು. ಮೊಟ್ಟೆ ಇಟ್ಟ ಪ್ರತಿ ತಾಯಿ ಚಿಟ್ಟೆಯನ್ನೂ ಸಣ್ಣ ಕಲ್ಲಿನಲ್ಲಿ ಅರೆದು, ಒಂದು ತೊಟ್ಟು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಡಬೇಕು. ನಮ್ಮ ಮೇಲ್ವಿಚಾರಕರು ಹೇಳುತ್ತಿದ್ದದ್ದು ಒಂದೇ ಮಾತು: "ನೋಡದೆ ಒಂದು ಚಿಟ್ಟೆ ದಾಟಿಸಿದರೆ, ಅದರ ಮೊಟ್ಟೆ ತಗೊಂಡ ಮನೆ ಆ ಸಲ ಒಲೆ ಹಚ್ಚಲ್ಲ." ದಿನಕ್ಕೆ ನೂರಾರು ಚಿಟ್ಟೆ. ನೂರನೆಯದನ್ನೂ ಮೊದಲನೆಯದರಂತೆ ನೋಡಬೇಕು. ಕತ್ತು ಸೆಟೆದುಕೊಳ್ಳುತ್ತಿತ್ತು. ಆದರೂ ನಾವು ಹುಡುಗಿಯರು ಯಾರೂ ದಾಟಿಸುತ್ತಿರಲಿಲ್ಲ.

ಅಲ್ಲಿಯೇ ನಾನು ಮೊದಲ ಸಲ ಹುಳದ ಬಾಯಿ ಗಮನಿಸಿದ್ದು. ರೇಷ್ಮೆ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಅದರ ದವಡೆಗಳು ಮೇಲೆ ಕೆಳಗೆ ಆಡುವುದಿಲ್ಲ, ಅಡಕತ್ತರಿಯನ್ನು ಮಲಗಿಸಿದ ಹಾಗೆ ಅಕ್ಕಪಕ್ಕದಿಂದ ಬಂದು ಕೂಡುತ್ತವೆ. ಅದೇ ಹುಳ ಗೂಡು ಕಟ್ಟಿ ಚಿಟ್ಟೆಯಾಗಿ ಹೊರಬಂದಾಗ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ, ಬಾಯಿದ್ದ ಗುರುತು ಮಾತ್ರ. ಮೊಟ್ಟೆ ಇಡುತ್ತದೆ, ಸಾಯುತ್ತದೆ.

ಮದುವೆಯಾಗಿ ನಿಮ್ಮ ತಾತನ ಜೊತೆ ಈ ದೇಶಕ್ಕೆ ಬಂದೆ. ಅವರು ಕಾರಿನ ಬಿಡಿಭಾಗಗಳ ನಕ್ಷೆ ಬರೆಯುವ ಕಂಪನಿಯಲ್ಲಿದ್ದರು. ಸವಿತಾ ಒಂಬತ್ತನೇ ತರಗತಿಯಲ್ಲಿದ್ದಾಗ ಅವರು ಹೋದರು. ಅದಾದ ಮೂರನೇ ತಿಂಗಳು ನಾನು ಸೌತ್‌ಫೀಲ್ಡಿನ ಆ ಲ್ಯಾಬಿಗೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದೆ. ಹುಳದ ಔಷಧಿ ಹೊಡೆಯುವ ಕಂಪನಿಗಳು, ಶಾಲೆಗಳು, ಹೋಟೆಲುಗಳು, ಬಾಡಿಗೆ ಮನೆಗಳ ಆಫೀಸುಗಳು ಚಿಕ್ಕ ಸೀಸೆಗಳಲ್ಲಿ ಹುಳ ಕಳಿಸುತ್ತಿದ್ದವು. ಅಲ್ಲಿನ ಹಿರಿಯ ವಾಲ್ಟರ್ ಎಂಬುವವರು. ಉದ್ದ ಮನುಷ್ಯ, ಯಾವಾಗಲೂ ಒಂದೇ ಬೂದು ಸ್ವೆಟರ್. ಒಂದು ದಿನ ನಾನು ಸೀಸೆ ತೊಳೆದು ಮುಗಿಸಿ ಯಾರೂ ಇಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ವಾಲ್ಟರ್, "ಏನು ಕಾಣಿಸುತ್ತಿದೆ?" ಎಂದರು. ಕೆಲಸ ಹೋಯಿತೆಂದುಕೊಂಡೆ. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ತಿಳಿಯದೆ, ಎರಡು ಬೆರಳುಗಳನ್ನು ಅಡ್ಡಡ್ಡಲಾಗಿ ಕೂಡಿಸಿ ಬಿಡಿಸಿ ತೋರಿಸಿದೆ: ದವಡೆ. ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಮರುವಾರದಿಂದ ಸೀಸೆ ತೊಳೆಯಲು ಬೇರೆಯವರು ಬಂದರು.

ವಾಲ್ಟರ್ ಕಲಿಸಿದ್ದು ಇಷ್ಟು. ಹುಳದ ಬಣ್ಣ ನೋಡಬೇಡ, ಅಳತೆ ನೋಡಬೇಡ, ಮೊದಲು ಬಾಯಿ ನೋಡು. ಅದು ಏನು ತಿನ್ನುತ್ತದೆ, ಯಾರಿಗೆ ಏನು ಮಾಡಬಲ್ಲದು, ಏನು ಮಾಡಲಾರದು, ಎಲ್ಲ ಅಲ್ಲಿದೆ. ತಲೆಯನ್ನು ಬಿಡಿಸಿ, ಪೊಟ್ಯಾಶ್ ನೀರಿನಲ್ಲಿ ಬಿಸಿ ಮಾಡಿ, ಮಾಂಸವೆಲ್ಲ ಕರಗಿ ಚಿಪ್ಪು ಮಾತ್ರ ಉಳಿದ ಮೇಲೆ ಎರಡು ಸೂಜಿಗಳಿಂದ ಒಂದೊಂದೇ ಭಾಗ ಬಿಡಿಸಬೇಕು. ಸೊಳ್ಳೆಯ ಕೊಳವೆಯೊಂದನ್ನು ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹೊರಗಿನಿಂದ ಒಂದೇ ಸೂಜಿಯಂತೆ ಕಾಣುವ ಅದರೊಳಗೆ ಆರು ಸೂಜಿಗಳಿವೆ. ಗರಗಸದ ಹಲ್ಲಿರುವ ಎರಡು ಸೂಜಿಗಳು ಚರ್ಮ ಕೊಯ್ಯುತ್ತವೆ, ಇನ್ನೆರಡು ಜೊತೆಗೂಡುತ್ತವೆ, ಒಂದು ಎಂಜಲು ಬಿಡುತ್ತದೆ, ಒಂದರಿಂದ ರಕ್ತ ಮೇಲೇರುತ್ತದೆ. ಹೊರಗಿನ ಒರೆ ಚುಚ್ಚುವುದೇ ಇಲ್ಲ, ಹೊರಗೇ ಬಾಗಿ ನಿಲ್ಲುತ್ತದೆ. ಗಂಡು ಸೊಳ್ಳೆಗೆ ಈ ಸರಂಜಾಮು ಪೂರ್ತಿ ಇಲ್ಲ, ಅದು ಹೂವಿನ ರಸ ಕುಡಿದುಕೊಂಡಿರುತ್ತದೆ. ಅಕ್ಕಿಯಲ್ಲಿರುವ ಮೂತಿ ಹುಳದ ಉದ್ದ ಮೂತಿ ನೋಡಿ ಅದು ಹೀರುತ್ತದೆ ಅಂದುಕೊಳ್ಳುತ್ತೀರಿ. ಇಲ್ಲ, ಆ ಮೂತಿಯ ತುದಿಯಲ್ಲಿ ಇರುವುದು ಪುಟ್ಟ ದವಡೆಗಳು. ಅದು ಕೊರೆಯುತ್ತದೆ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳುತ್ತೇನೆ. ಎರಡನೇ ವರ್ಷವಿರಬೇಕು. ಸರೋವರದ ದಡದ ಹೋಟೆಲಿನವರು ನೊಣಗಳನ್ನು ಕಳಿಸಿದ್ದರು. ಗಿರಾಕಿಗಳ ಕಾಲು ಕಚ್ಚುತ್ತವೆ ಎಂದು ದೂರು. ನಾನು ಮೈ ನೋಡಿದೆ, ರೆಕ್ಕೆ ನೋಡಿದೆ, ಮನೆ ನೊಣ ಎಂದು ಬರೆದೆ. ಮನೆ ನೊಣ ಕಚ್ಚಲಾರದು. ಅದರ ಬಾಯಿ ಸ್ಪಂಜಿನಂತೆ, ಎಂಜಲು ಸುರಿಸಿ ಒರೆಸಿ ಹೀರುತ್ತದೆ ಅಷ್ಟೇ. ಗಿರಾಕಿಗಳದ್ದು ಭ್ರಮೆ ಇರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಹೋಟೆಲಿನವರು ಕಸದ ಡಬ್ಬಿಗಳನ್ನು ತೊಳೆದರು, ಬದಲಾಯಿಸಿದರು, ಏನೂ ಆಗಲಿಲ್ಲ. ಎರಡು ವಾರದ ನಂತರ ವಾಲ್ಟರ್ ಅದೇ ಸೀಸೆಯನ್ನು ನನ್ನ ಮುಂದಿಟ್ಟರು. ಬಗ್ಗಿ ನೋಡಿದೆ. ನೊಣದ ತಲೆಯಿಂದ ಮುಂದಕ್ಕೆ ಚಾಚಿಕೊಂಡಿದ್ದ ಗಟ್ಟಿ ಕೊಕ್ಕು. ಅದು ದನದ ಕೊಟ್ಟಿಗೆಯಲ್ಲಿ ಇರುವ, ರಕ್ತ ಕುಡಿಯುವ ನೊಣ. ದಡದಲ್ಲಿ ಕೊಳೆತು ಬಿದ್ದ ನೀರುಗಿಡಗಳಲ್ಲಿ ಅದು ಮರಿ ಮಾಡುತ್ತಿತ್ತು.

"ಜಯಾ, ಅವರು ಕಚ್ಚಿತು ಅಂದರು. ನೀನು ಅವರ ಮಾತೂ ಕೇಳಲಿಲ್ಲ, ನೊಣದ ಬಾಯಿಯನ್ನೂ ನೋಡಲಿಲ್ಲ. ಹಾಗಾದರೆ ನೋಡಿದ್ದು ಏನನ್ನು?" ಎಂದರು. ಆಮೇಲೆ ಹೋಟೆಲಿಗೆ ತಾವೇ ಫೋನ್ ಮಾಡಿ, ತಪ್ಪು ನಮ್ಮದು ಎಂದರು. ನಮ್ಮದು ಎಂದರು, ನನ್ನದು ಎನ್ನಲಿಲ್ಲ. ಹುಳದ ಸರಿಯಾದ ಹೆಸರಿನ ಹೊಸ ಚೀಟಿ ಬರೆದು ನನ್ನ ಕೈಯಲ್ಲೇ ಸಹಿ ಮಾಡಿಸಿದರು.

ವಾಲ್ಟರ್ ನಿವೃತ್ತರಾದ ಮೇಲೆ ಕ್ರೇಗ್ ಬಂದ. ಬಂದ ಎಂದೇ ಬರೆಯುತ್ತೇನೆ, ಬಂದರು ಎಂದು ಬರೆಯಲು ಕೈ ಬರುವುದಿಲ್ಲ. ವಯಸ್ಸಿನಲ್ಲಿ ಚಿಕ್ಕವನು, ಓದಿದವನು, ನಗುಮುಖದವನು. ಯಾರ ಮೇಲೂ ದನಿ ಎತ್ತಿದವನಲ್ಲ. ಅವನ ಮೊದಲ ನಿಯಮ: ಸೀಸೆಯಲ್ಲಿ ಎಷ್ಟೇ ಹುಳ ಇರಲಿ ಮೂರು ನೋಡಿದರೆ ಸಾಕು. ಎರಡನೆಯದು: ಗಿರಾಕಿ ಫೋಟೋ ಕಳಿಸಿದ್ದರೆ, ಅದರಲ್ಲೇ ತಿಳಿಯುವಂತಿದ್ದರೆ, ಸೀಸೆ ಬರುವವರೆಗೂ ಕಾಯಬೇಕಾಗಿಲ್ಲ. ಮೂರನೆಯದು: ಚೀಟಿಗಳಿಗೆ ಇನ್ನು ಮುಂದೆ ಅವನೊಬ್ಬನ ಸಹಿ.

ಮೂರು ನೋಡು ಎಂದಾಗ ಹೂಂ ಎಂದೆ. ಆದರೆ ಮಧ್ಯಾಹ್ನದ ಊಟದ ಸಮಯದಲ್ಲಿ ಉಳಿದವುಗಳನ್ನೂ ನೋಡುತ್ತಿದ್ದೆ. ಚಪಾತಿ ಎಡಗೈಯಲ್ಲಿ, ಫೋಕಸ್ ತಿರುಗಿಸುವುದು ಬಲಗೈಯಲ್ಲಿ. ಒಮ್ಮೆ ಕ್ರೇಗ್ ನೋಡಿ, "ಜಯಾ, ನಿನಗೆ ಹುಳಗಳ ಜೊತೆ ಊಟ ಮಾಡುವುದೇ ಇಷ್ಟ ಅಲ್ಲವೇ?" ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವನ ಕಾಲದಲ್ಲಿ ಒಬ್ಬ ಮುದುಕಿ ತಿಂಗಳಿಗೊಮ್ಮೆ ಲಕೋಟೆ ಕಳಿಸುತ್ತಿದ್ದಳು. ತನ್ನ ಚರ್ಮದೊಳಗೆ ಹುಳಗಳಿವೆ, ಇವೇ ನೋಡಿ ಎಂದು. ಲಕೋಟೆಯೊಳಗೆ ಬಟ್ಟೆಯ ನೂಲು, ಒಣಗಿದ ಹೊಪ್ಪಳೆ, ಬ್ರೆಡ್ಡಿನ ಪುಡಿ. ಕ್ರೇಗ್ ಅದನ್ನು ಗೋಡೆಗೆ ಅಂಟಿಸಿ ತಮಾಷೆಯ ಹೆಸರಿಟ್ಟಿದ್ದ. ವಾಲ್ಟರ್ ಇದ್ದಾಗ ಇಂಥವರಿಗೆ ಪ್ರತಿ ನೂಲನ್ನೂ ನೋಡಿ, "ನಾನು ಎಲ್ಲವನ್ನೂ ನೋಡಿದೆ, ಯಾವುದಕ್ಕೂ ಬಾಯಿಯಿಲ್ಲ, ದಯವಿಟ್ಟು ವೈದ್ಯರ ಬಳಿ ಹೋಗಿ," ಎಂದು ಕೈಯಲ್ಲೇ ಬರೆಯುತ್ತಿದ್ದರು. ಅನಘಾ, ನಿನ್ನ ಲ್ಯಾಬಿನಲ್ಲೂ ಇಂಥ ಲಕೋಟೆಗಳು ಬರುತ್ತವೆ. ನಗುವವರ ಜೊತೆ ನಿಲ್ಲಬೇಡ.

ಈಗ ಗಂಗವ್ವನ ವಿಷಯ.

ಗಂಗವ್ವ ವಿಜಯಪುರದ ಕಡೆಯವಳು. ಅಣ್ಣನ ಮೂಲಕ ಡೆಟ್ರಾಯಿಟ್ ಕಡೆಗೆ ಬಂದು, ಅಣ್ಣನ ಮನೆಯವರೊಂದಿಗೆ ಹೊಂದದೆ, ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ನಮ್ಮ ಕನ್ನಡದವರ ನಾಲ್ಕು ಮನೆಗಳ ಆರು ಮಕ್ಕಳನ್ನು ಹಗಲು ನೋಡಿಕೊಳ್ಳುವುದು, ಜೊತೆಗೆ ರೊಟ್ಟಿ ಬಡಿದು ಕೊಡುವುದು, ಇದೇ ಅವಳ ಬದುಕು. ನಾನು ವಿಧವೆಯಾದ ಮೇಲೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆದವಳು ಅವಳೊಬ್ಬಳೇ. "ಬರ್ರಿ ಅಕ್ಕಾರ, ನಿಮ್ಮ ಹಣಿಗಿ ನಾ ಹಚ್ತೀನಿ, ಯಾರ ಏನಂತಾರ ನೋಡೂಣು," ಎಂದಿದ್ದಳು. ಅವತ್ತು ಮೊದಲ ಸಲ ಹೋದಾಗ ಮೆಟ್ಟಿಲು ಹತ್ತಿ ಬಾಗಿಲು ಹುಡುಕಿದ್ದರಿಂದ ಅವಳ ಮನೆಯ ನಂಬರ್ ನನ್ನ ತಲೆಯಲ್ಲಿ ಕೂತಿತ್ತು. ಬಿ ಕಟ್ಟಡ, ಇನ್ನೂರ ಹದಿನಾಲ್ಕು.

ಒಂದು ಜನವರಿಯ ಶುಕ್ರವಾರ ಅವಳ ಅಪಾರ್ಟ್‌ಮೆಂಟಿನ ಹೆಸರೂ ಆ ನಂಬರೂ ಇದ್ದ ಚೀಟಿ ಅಂಟಿಸಿದ ಸೀಸೆ ನನ್ನ ಮೇಜಿಗೆ ಬಂತು. ಒಳಗೆ ಹುಳಗಳಿರಲಿಲ್ಲ. ಹುಳಗಳು ಬೆಳೆಯುವಾಗ ಕಳಚಿ ಬಿಡುವ ಪೊರೆಗಳಿದ್ದವು. ಕಂದು ಬಣ್ಣ, ಎಳ್ಳಿನಷ್ಟು ಗಾತ್ರ. ಬರಿಗಣ್ಣಿಗೆ ತಿಗಣೆಯ ಪೊರೆಯಂತೆಯೇ ಕಾಣುತ್ತದೆ. ಆದರೆ ಪೊರೆ ಕಳಚುವಾಗ ಹುಳ ತನ್ನ ಬಾಯಿಯ ಚಿಪ್ಪನ್ನೂ ಕಳಚುತ್ತದೆ. ಒಳಗಿನ ಹುಳ ಎಲ್ಲಿಗೆ ಹೋಗಿದ್ದರೂ ಅದರ ಬಾಯಿಯ ಆಕಾರ ಪೊರೆಯಲ್ಲಿ ಉಳಿದಿರುತ್ತದೆ. ತಿಗಣೆಯಾದರೆ ತಲೆಯ ಕೆಳಗೆ ಹಿಂದಕ್ಕೆ ಮಡಚಿದ ಕೊಕ್ಕು. ಉಣ್ಣೆ ತಿನ್ನುವ ಕಾರ್ಪೆಟ್ ದುಂಬಿಯ ಮರಿಯಾದರೆ ಎರಡು ದವಡೆ, ಮೈ ತುಂಬಾ ಕೂದಲು.

ಹದಿನೇಳು ಪೊರೆಗಳಿದ್ದವು. ಹದಿನೇಳನ್ನೂ ಮಗುಚಿ ನೋಡಿದೆ. ಹದಿನೇಳಕ್ಕೂ ದವಡೆ. ಒಂದಕ್ಕೂ ಕೊಕ್ಕಿಲ್ಲ. ಈ ಹುಳ ಯಾರನ್ನೂ ಚುಚ್ಚಲಾರದು, ರಕ್ತ ಕುಡಿಯಲಾರದು. ಅದರ ಕೂದಲು ಉದುರಿ ತಾಗಿದರೆ ಎಳೆಯ ಚರ್ಮದಲ್ಲಿ ದದ್ದು ಏಳುತ್ತದೆ, ಅಷ್ಟೇ.

ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ಕ್ರೇಗ್ ಬಳಿ ಹೋದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ಅದರ ರಿಪೋರ್ಟು ಬುಧವಾರವೇ ಹೋಯಿತು. ಫೋಟೋ ಕಳಿಸಿದ್ದರು. ತಿಗಣೆ ಪೊರೆ ಎಂದು ಬರೆದೆ," ಎಂದ.

"ದವಡೆ ಇದೆ," ಎಂದೆ.

"ಇರಬಹುದು. ಹೇಗಿದ್ದರೂ ಅವರು ಔಷಧಿ ಹೊಡೆಸುತ್ತಾರೆ. ಔಷಧಿ ಹೊಡೆದರೆ ಯಾರಿಗೇನು ನಷ್ಟ?"

ನಾನು ನಿಂತಿದ್ದೆ. ಅವನು ತಲೆ ಎತ್ತಿ ಮುಗುಳ್ನಕ್ಕ. "ಇನ್ನೇನಾದರೂ ಇದೆಯೇ, ಜಯಾ?"

ಇಲ್ಲ ಎಂದೆ. ವಾಪಸ್ಸು ಬಂದೆ. ಗಿರಾಕಿಗಳ ವಿಷಯ ಹೊರಗೆ ಆಡಬಾರದು ಎಂದು ನಾವೆಲ್ಲ ಸಹಿ ಮಾಡಿದ್ದ ಕಾಗದವೊಂದಿತ್ತು. ಅದನ್ನು ನೆನೆದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸೀಸೆಯನ್ನು ಮಾತ್ರ ಎಸೆಯಲಿಲ್ಲ. ಎರಡು ಪೊರೆಗಳ ತಲೆಯನ್ನು ಬಿಡಿಸಿ ಗಾಜಿನ ಮೇಲೆ ಕೂರಿಸಿ ನನ್ನ ಡ್ರಾದಲ್ಲಿಟ್ಟೆ.

ಆ ವಾರವೆಲ್ಲ ಫೋನ್ ಕೈಗೆ ತೆಗೆದುಕೊಳ್ಳುತ್ತಿದ್ದೆ, ಇಡುತ್ತಿದ್ದೆ. ಎಂಟನೆಯ ದಿನ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಸಾಲು ನಿಂತಿದ್ದಾಗ ಸ್ಮಿತಾ ಎಂಬ ಹುಡುಗಿ ನನ್ನ ಬಳಿ ಬಂದಳು. ಅವಳ ಮಗು ಗಂಗವ್ವನ ಹತ್ತಿರ ಹೋಗುತ್ತಿತ್ತು.

"ಆಂಟಿ, ನೀವು ಗಂಗಾ ಆಂಟಿ ಮನೆಗೆ ಹೋಗ್ತಿರ್ತೀರಲ್ಲ, ಸ್ವಲ್ಪ ಹುಷಾರಾಗಿರಿ. ಅವ್ರ ಮನೇಲಿ ಬೆಡ್‌ಬಗ್ಸ್ ಇದೆ. ನನ್ ಮಗೂಗೆ ಕೆನ್ನೆ ತುಂಬಾ ಕೆಂಪಗಾಗಿತ್ತು. ನಾನೇ ಅವ್ರ ಆಫೀಸಿಗೆ ಕಂಪ್ಲೇಂಟ್ ಮಾಡ್ದೆ. ಲ್ಯಾಬ್ ರಿಪೋರ್ಟೇ ಬಂದಿದೆ."

"ಅಯ್ಯೋ, ಮೊನ್ನೆ ತಾನೆ ಅವ್ರ ಹತ್ರ ಇಪ್ಪತ್ತು ರೊಟ್ಟಿ ತಂದ್ವಲ್ಲೇ," ಎಂದಳು ಇನ್ನೊಬ್ಬಳು.

"ಪ್ರೋಟೀನ್ ಫ್ರೀಯಾಗಿ ಬಂದಿರುತ್ತೆ ಬಿಡು," ಎಂದ ಅವಳ ಗಂಡ.

ನಗು. "ಪಾಪ, ಹಾಗನ್ಬೇಡ್ರೀ," ಎಂದವಳೂ ನಗುತ್ತಲೇ ಹೇಳಿದಳು. ಸ್ಮಿತಾ ದನಿ ತಗ್ಗಿಸಿ, "ನಾವೆಲ್ಲ ಮಕ್ಕಳನ್ನ ಬಿಡಿಸಿದ್ವಿ ಆಂಟಿ. ಒಳ್ಳೇವ್ರೇ, ಆದ್ರೆ ಕ್ಲೀನ್‌ಲಿನೆಸ್ ಅಂತ ಒಂದು ಇರುತ್ತಲ್ವಾ," ಎಂದಳು.

ಆ ರಿಪೋರ್ಟು ನಮ್ಮ ಲ್ಯಾಬಿನದು. ಅದು ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಕೈಯಲ್ಲಿ ಕಾಗದದ ತಟ್ಟೆ, ಅದರಲ್ಲಿ ಕೋಸಂಬರಿ. ನಾನು ಕೋಸಂಬರಿ ತಿಂದೆ.

ಹನ್ನೊಂದನೆಯ ದಿನ ಗಂಗವ್ವನೇ ಫೋನ್ ಮಾಡಿದಳು.

"ಅಕ್ಕಾರ, ನೀವು ಹುಳಾ ನೋಡೂ ಕೆಲಸಾ ಮಾಡ್ತೀರಲ್ರಿ? ಒಂದ್ಸಲ ಬಂದು ನೋಡ್ರಿ. ನನ್ನ ಮನ್ಯಾಗ ತಗಣಿ ಅದಾವಂತ ಬಾಗಿಲಿಗೆ ಕಾಗದಾ ಹಚ್ಯಾರ. ತಿಂಗಳ ಕೊನಿಗೆ ಮನಿ ಬಿಡಂತಾರ. ತಗಣಿ ನೋಡ್ಕೋತನ ಬೆಳದಾಕಿ ನಾ, ತಗಣಿ ಅಂದ್ರ ನನಗ ಗೊತ್ತಾಗೂದಿಲ್ಲೇನ್ರಿ?"

ಸಂಜೆಯ ಬೆಳಕಿರುವಾಗಲೇ ಹೋದೆ. ಮಕ್ಕಳ ಚಪ್ಪಲಿಗಳಿರುತ್ತಿದ್ದ ಜಾಗ ಖಾಲಿ. ಹಾಸಿಗೆಯ ಅಂಚು, ಹೊಲಿಗೆ, ಮಂಚದ ಸಂದಿ ಎಲ್ಲ ನೋಡಿದೆ. ತಿಗಣೆ ಇದ್ದ ಮನೆಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ. ಒಂದೂ ಇರಲಿಲ್ಲ. ಅವಳ ಮನೆ ನನ್ನ ಮನೆಗಿಂತ ಚೊಕ್ಕಟವಾಗಿತ್ತು. ಕೊನೆಗೆ ದೇವರ ಮೂಲೆಯಲ್ಲಿ ನಾಲ್ಕು ಮಡಿಕೆ ಮಾಡಿ ಹಾಸಿದ್ದ ಕರಿ ಕಂಬಳಿ ಕಂಡಿತು. ಅದರ ಮೇಲೆ ಒಂದು ಬದಿಗೆ ದೇವರು, ಇನ್ನೊಂದು ಬದಿಗೆ ಸಣ್ಣ ದಿಂಬು.

"ಇದನ್ನ ಯಾವಾಗ ಜಾಡಿಸಿದ್ದು?" ಎಂದೆ.

"ಗದ್ದಿಗಿ ಕಂಬಳಿ ಜಾಡಸಬಾರದ್ರಿ. ಒಗೀನೂಬಾರದು. ನಮ್ಮ ಅತ್ತಿ ಕೊಟ್ಟದ್ದು ಅದು. ಊರಿಂದ ತಂದಾಗಿಂದ ಹಿಂಗ ಐತಿ."

"ಮತ್ತೆ ದಿಂಬು?"

"ಅಳೂ ಕೂಸನ್ನ ಇದರ ಮ್ಯಾಲ ಮಲಗಿಸಿದ್ರ ಸುಮ್ಮ ಆಗ್ತದ್ರಿ. ಆ ಸ್ಮಿತಾನ ಕೂಸು ಬಾಳ ಅಳತಿತ್ತು. ದಿನಾ ಇಲ್ಲೇ ಮಲಗಸ್ತಿದ್ದೆ."

ಕಂಬಳಿಯ ಒಂದು ಮೂಲೆಯನ್ನು ಎತ್ತಿದೆ. ಕೆಳಗೆ ಪೊರೆಗಳು. ಮೂರು ಜೀವಂತ ಮರಿಗಳು, ಕೂದಲು ಮೈ, ಉಣ್ಣೆಯೊಳಗೆ ಮೂತಿ ಹೂತುಕೊಂಡು ಮೇಯುತ್ತಿದ್ದವು. ಕೈ ಮಸೂರ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಇದು ತಿನ್ನೂದು ಕಂಬಳೀನ್ರಿ," ಎಂದಳು.

"ಹೌದು."

"ಕೂಸನ್ನ ಅಲ್ಲ."

"ಅಲ್ಲ. ಅದರ ಕೂದಲು ತಾಗಿ ದದ್ದು ಬಂದಿದೆ. ಕಚ್ಚಿಲ್ಲ."

ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಬೇಕು, ಒಗೆಯುವುದೂ ಬೇಡ ಜಾಡಿಸುವುದೂ ಬೇಡ, ಹುಳ ಸಾಯುತ್ತದೆ ಎಂದೆ. ಅವಳಿಗೆ ಆ ಸಂಕಟದಲ್ಲೂ ನಗು ಬಂತು. "ದೇವರ ಗದ್ದಿಗೀನ ಮಟನ್ ಇಡೂ ಜಾಗದಾಗ ಇಡೂದೇನ್ರಿ ಅಕ್ಕಾರ?" ಅವಳ ಫ್ರೀಜರಿನಲ್ಲಿ ಬಟಾಣಿ, ತೆಂಗಿನ ತುರಿ ಬಿಟ್ಟು ಬೇರೆ ಇರಲಿಲ್ಲ. ಕೈ ಮುಗಿದು, ತಪ್ಪಾಯ್ತು ಎಂದು ದೇವರಿಗೆ ಹೇಳಿ, ಅವಳೇ ಇಟ್ಟಳು.

ಮರುದಿನ ಬೆಳಿಗ್ಗೆ ಕ್ರೇಗ್‌ನ ಕೋಣೆಗೆ ಹೋಗಿ, "ಬಂದು ನೋಡಿ," ಎಂದೆ. ಮೇಲಿನವರಿಗೆ ಜೀವನದಲ್ಲಿ ಮೊದಲ ಸಲ ಹಾಗೆ ಹೇಳಿದ್ದು. ಅವನು ಬಂದ. ಬಗ್ಗಿ ನೋಡಿದ. ಎರಡು ದವಡೆಗಳನ್ನೂ ನೋಡಿದ. ಅವನು ದಡ್ಡನಲ್ಲ, ನೋಡಿದ ಕ್ಷಣವೇ ತಿಳಿಯಿತು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದ: "ಈ ಒಂದನ್ನು ತಿದ್ದಿದರೆ, ಫೋಟೋ ನೋಡಿ ಕಳಿಸಿದ ಉಳಿದವನ್ನೂ ಗಿರಾಕಿಗಳು ಕೇಳುತ್ತಾರೆ. ಎಷ್ಟಿವೆ ಗೊತ್ತೇ? ಅವರು ಕೇಳಲಿ, ಆಗ ನೋಡೋಣ. ಕೇಳದೆ ಇರುವಾಗ ನಾವೇ ಹೋಗಿ ಹೇಳುವುದು ಬೇಡ."

"ಮನೆ ಬಿಡಿಸುತ್ತಿದ್ದಾರೆ," ಎಂದೆ.

"ಅದು ಅವರ ತೀರ್ಮಾನ. ನಾವು ಹುಳದ ಹೆಸರು ಮಾತ್ರ ಹೇಳುತ್ತೇವೆ."

ಹೆಸರನ್ನೇ ತಪ್ಪು ಹೇಳಿದ್ದೆಯಲ್ಲೋ ಎಂದು ಕೇಳಬೇಕಿತ್ತು. ನನ್ನ ಮೇಜಿಗೆ ಬಂದು ಒಂದು ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಹದಿನೇಳು ಪೊರೆಗಳನ್ನು ನೋಡಿದ್ದೇನೆ, ಎಲ್ಲಕ್ಕೂ ಜಗಿಯುವ ಬಾಯಿ ಇದೆ, ಚುಚ್ಚುವ ಬಾಯಿ ಒಂದಕ್ಕೂ ಇಲ್ಲ, ಇವು ತಿಗಣೆಗಳಲ್ಲ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಸೀಸೆ, ಗಾಜಿನ ಪಟ್ಟಿ, ಹೋಲಿಸಲು ನಿಜವಾದ ತಿಗಣೆಯ ಒಂದು ಪೊರೆ, ಇಷ್ಟನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಗಂಗವ್ವನ ಅಪಾರ್ಟ್‌ಮೆಂಟಿನ ಆಫೀಸಿಗೆ ಡ್ರೈವ್ ಮಾಡಿದೆ. ಹಿಮ ಬಿದ್ದಿತ್ತು. ಎಕ್ಸಿಟ್ ತಪ್ಪಿ ಆರು ಮೈಲಿ ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ.

ಅಲ್ಲಿ ಕೂತಿದ್ದ ಹೆಂಗಸು ಹಾಳೆ ನೋಡಿ, "ಇದರಲ್ಲಿ ಲ್ಯಾಬಿನ ಹೆಸರೇ ಇಲ್ಲವಲ್ಲ," ಎಂದಳು. ನಾನು ಮಸೂರ ಕೊಟ್ಟೆ. ಮೊದಲು ತಿಗಣೆಯ ಪೊರೆ, ಆಮೇಲೆ ಗಂಗವ್ವನ ಮನೆಯದು. ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಮತ್ತೆ ಮೊದಲಿನದನ್ನು ನೋಡಿದಳು. ಹುಳದ ವಿದ್ಯೆ ಏನೂ ತಿಳಿಯದ ಆ ಹೆಂಗಸು, "ಇವು ಬೇರೆ ಬೇರೆ," ಎಂದಳು. ಅಷ್ಟೇ ಬೇಕಾಗಿದ್ದದ್ದು. ಎರಡು ನಿಮಿಷ ಹಿಡಿಯಿತು. ಕ್ರೇಗ್‌ಗೆ ಆ ಎರಡು ನಿಮಿಷ ಇರಲಿಲ್ಲ.

ಅವಳು ಬೇರೆ ಕಂಪನಿಯವರನ್ನು ಕರೆಸಿ ಮನೆ ನೋಡಿಸಿದಳು. ತಿಗಣೆ ಸಿಗಲಿಲ್ಲ. ವಾರದೊಳಗೆ ಬಾಗಿಲಿನ ಕಾಗದ ಹೋಯಿತು.

ನಾನು ಆಫೀಸಿಗೆ ಹೋಗಿ ಬಂದ ಮರುದಿನವೇ ಕ್ರೇಗ್ ನನ್ನನ್ನು ಕರೆದಿದ್ದ. ಗಿರಾಕಿಯ ಸೀಸೆ ಹೊರಗೆ ಒಯ್ದದ್ದು, ಅಧಿಕಾರವಿಲ್ಲದೆ ಸಹಿ ಮಾಡಿದ್ದು. ನಗುಮುಖದಲ್ಲೇ ಹೇಳಿದ. ಸವಿತಾ, ನನಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ, ಅದಕ್ಕೇ ಕೆಲಸ ಬಿಟ್ಟೆ ಎಂದು ನಿನಗೆ ಹೇಳಿದ್ದೆ. ಪ್ಲೇನ್‌ಫೀಲ್ಡಿಗೆ ಬಂದು ನಮ್ಮ ಜೊತೆಯೇ ಇರು ಎಂದು ನೀನು ಕರೆದೆ. ನನ್ನ ಮಂಡಿ ಚೆನ್ನಾಗಿಯೇ ಇತ್ತು. ನನ್ನನ್ನು ತೆಗೆದುಹಾಕಿದರು. ತಪ್ಪು ಮಾಡಿದವನು ಅಲ್ಲೇ ಉಳಿದ, ಮೂರು ನೋಡಿದರೆ ಸಾಕು ಎನ್ನುತ್ತಾ. ಈಗ ಅದನ್ನೂ ನೋಡುವುದಿಲ್ಲವೇನೋ.

ಅನಘಾ, ನಿನ್ನ ಲ್ಯಾಬಿನಲ್ಲಿ ಆ್ಯಪ್ ಇರುತ್ತದೆ, ಇರಲಿ. ಫೋಟೋದಲ್ಲಿ ಬೆನ್ನು ಕಾಣುತ್ತದೆ. ಬಾಯಿ ಕೆಳಗಿರುತ್ತದೆ. ಮಗುಚಿ ನೋಡು. ಎಲ್ಲವನ್ನೂ ನೋಡು. ನೋಡಿದ್ದಕ್ಕೆ ಮಾತ್ರ ಸಹಿ ಮಾಡು, ಸಹಿ ಮಾಡಿದ್ದನ್ನು ಕೇಳಿದವರಿಗೆ ಹೇಳು. ಕೆಲಸ ಹೋಯಿತೆಂದು ನನಗೆ ದುಃಖವಿಲ್ಲ. ಅದರ ಸಿಟ್ಟೇನಿದ್ದರೂ ಕ್ರೇಗ್ ಮೇಲೆ, ಅದು ಸುಲಭದ ಸಿಟ್ಟು. ಇನ್ನೊಂದಿದೆ.

ಕಾಗದ ತೆಗೆದ ದಿನ ಗಂಗವ್ವನ ಮನೆಗೆ ಹೋಗಿದ್ದೆ. ಅವಳು ಚಹಾ ಮಾಡಿದಳು. ಮನೆ ಉಳಿಯಿತು. ಆದರೆ ಮಕ್ಕಳು ಬಂದಿರಲಿಲ್ಲ. ನಾಲ್ಕು ಮನೆಯವರಿಗೂ ಅವಳು ಫೋನ್ ಮಾಡಿ ತಿಗಣೆ ಅಲ್ಲವೆಂದು ಹೇಳಿದ್ದಳು. ಎಲ್ಲರೂ ಒಳ್ಳೆಯ ಮಾತೇ ಆಡಿದರಂತೆ. ಬೇರೆ ಕಡೆ ಅಡ್ವಾನ್ಸ್ ಕೊಟ್ಟಿದ್ದೇವೆ ಎಂದರಂತೆ. ಸ್ಮಿತಾ ಫೋನ್ ಎತ್ತಲೇ ಇಲ್ಲ.

"ಎರಡು ದಿನಾ ಮೊದಲ ಹೇಳಿದ್ರ ಕಳಸ್ತಿದ್ವಿ ಅಂದ್ರು ಒಬ್ರು," ಎಂದಳು. ಚಹಾದ ಲೋಟ ನನ್ನ ಮುಂದಿಟ್ಟು ಕೂತಳು. "ಅಕ್ಕಾರ, ನೀವು ಸೀಸೆ ತಂದು ತೋರಿಸಿದ್ರಂತ ಆಫೀಸಿನಾಕಿ ಅಂದ್ಳು. ಒಂದು ಕೇಳ್ತೀನಿ. ಆ ಸೀಸೆ ನಿಮ್ಮ ಕೈಗಿ ಬಂದದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. "ನೀನು ಫೋನ್ ಮಾಡುವ ಹನ್ನೊಂದು ದಿನ ಮೊದಲು," ಎಂದೆ.

"ಅವತ್ತ ಗೊತ್ತಾತೇನ್ರಿ, ತಗಣಿ ಅಲ್ಲಂತ?"

"ಗೊತ್ತಾಯಿತು."

"ನನ್ನ ಮನೀದಂತ?"

"ಅದೂ."

ಅವಳು ಬಯ್ಯಲಿಲ್ಲ. ಅತ್ತಿದ್ದರೂ ಆಗುತ್ತಿತ್ತು. ಮಕ್ಕಳು ಆಟಕ್ಕೆ ಕೂರುತ್ತಿದ್ದ ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸಿದ್ದಳು, ಅದನ್ನೇ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, "ಹನ್ನೊಂದು ದಿನಾ ಏನ್ ಮಾಡಿದ್ರಿ ಅಕ್ಕಾರ?"

ಚಹಾ ಬಿಸಿ ಇತ್ತು. ಲೋಟವನ್ನು ಎತ್ತಿ ಬಾಯಿಗೆ ಹಿಡಿದುಕೊಂಡೆ. ಮುಗಿಯುವವರೆಗೂ ಕೆಳಗಿಡಲಿಲ್ಲ. ಅವಳು ಬಾಗಿಲವರೆಗೂ ಬಂದು, "ಹಿಮಾ ಐತಿ, ಸಾವಕಾಶ ನಡೀರಿ," ಎಂದಳು. ಮತ್ತೆ ಯಾವತ್ತೂ ನನ್ನನ್ನು ಕರೆಯಲಿಲ್ಲ.